ಗೌರತ್ತೆಯ ಹಾಡಿನ ಸಾಲು

ಮೈದಾ ಗೋಂದಿನ ವಾಸನೆ ಎಲ್ಲೇ ಬಂದರೂ ನನಗೆ ಗೌರತ್ತೆ ನೆನಪಾಗುತ್ತಾಳೆ. ಅವಳಿಗೂ ಗೋಂದಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಯಲಹಂಕದ ಹಳೇ ಊರಿನಲ್ಲಿ ಒಂದು ಮಹಡಿಯ ಮೇಲೆ ಸಾರ್ವಜನಿಕ ಲೈಬ್ರರಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅಲ್ಲಿಗೆ ಹೋದ ಮಕ್ಕಳಿಗೆಲ್ಲ ಕಾಗುಣಿತ ಕೇಳುತ್ತಿದ್ದುದರಿಂದ ನಮ್ಮ ಬಾಯಲ್ಲಿ ಮೇಷ್ಟ್ರೇ ಆಗಿಬಿಟ್ಟಿದ್ದರು. ಹರಿದ ಪುಸ್ತಕಗಳಿಗೆ ತಾವೇ ಮೈದಾ ಕುದಿಸಿ ಅಂಟು ಹಾಕುತ್ತಿದ್ದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು, ಅದರಲ್ಲಿ ಧೂಳು ತೇಲುತ್ತಾ, ಆ ಹುಳಿಹುಳಿ ಬೆಚ್ಚನೆಯ ವಾಸನೆ ಕೋಣೆ ತುಂಬ ಹರಡಿರುತ್ತಿತ್ತು. ನನ್ನ ಜೀವಮಾನದ ದೊಡ್ಡ ಸುಳ್ಳನ್ನು ನಾನು ಬರೆದದ್ದು ಅಲ್ಲಿ ಕೂತು. ಆಗ ನಾನು ಏಳನೇ ಕ್ಲಾಸು.

ಗೌರತ್ತೆ ಅಪ್ಪನ ತಂಗಿ. ಹುಣಸಮಾರನಹಳ್ಳಿಗೆ ಕೊಟ್ಟಿದ್ದರು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಒಂದು ನಾಟಕ ಕಂಪನಿ ಯಲಹಂಕದಲ್ಲಿ ಬಿಡಾರ ಹೂಡಿತ್ತಂತೆ. ಯಾವುದೋ ಕಾಲದ ಒಬ್ಬ ಪಾಳೇಗಾರ, ಅವನ ಮೇಲೆ ಮುನಿಸಿಕೊಂಡು ಕೋಟೆ ಬಿಟ್ಟುಹೋದ ತಂಗಿ, ಉದ್ದಕ್ಕೂ ಹಾಡುಗಳು. ಆ ವರ್ಷ ರಾಗಿ ಬೀಸುವವರ ಬಾಯಲ್ಲೂ ಅವೇ ಹಾಡು ಎಂದು ಅಮ್ಮ ಹೇಳುತ್ತಿದ್ದಳು. ಅತ್ತೆಯ ಗಂಡ ಅವಳನ್ನು ಗಾಡಿ ಕಟ್ಟಿಸಿ ಭಾನುವಾರದ ಮಧ್ಯಾಹ್ನದ ಆಟಕ್ಕೆ ಕರೆತಂದಿದ್ದರು. ಕೊನೆಯ ದೃಶ್ಯದಲ್ಲಿ ಕೋಟೆಬಾಗಿಲ ಒಳಗೆ ಅಣ್ಣ, ಹೊರಗೆ ತಂಗಿ. ಅಣ್ಣನ ಪಾತ್ರವನ್ನೂ ಹೆಂಗಸೇ ಮಾಡಿದ್ದಳು, ದನಿಯಿಂದ ಯಾರೆಂದು ಹೇಳುವಂತಿರಲಿಲ್ಲ. ದೀಪವೆಲ್ಲ ಆರಿ, ಪರದೆಯ ಹಿಂದಿನಿಂದ ಒಂದೇ ಒಂದು ದನಿ: ‘ಇರುಳು ಕವಿದರೂ ಸರಿಯೆ, ದಾರಿ ಮರೆತರೂ ಸರಿಯೆ, ಬಾರೆ ನೀ ಮನೆಗೆ.’ ಅಣ್ಣ ಕರೆಯುತ್ತಿದ್ದಾನೆ ಎಂದುಕೊಂಡಳು ಗೌರತ್ತೆ. ಮುಂದಿನ ವಾರ ಎರಡು ಸೀರೆ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಗಂಡನ ಮನೆಯಲ್ಲಿ ಯಾರೂ ಹೊಡೆದಿರಲಿಲ್ಲ, ಯಾರೂ ಬೈದಿರಲಿಲ್ಲ. ಗಂಡನ ತಾಯಿಗೆ ಹೆದರಿ ಯಾರೂ ಅವಳ ಜೊತೆ ಮಾತನ್ನೇ ಆಡುತ್ತಿರಲಿಲ್ಲವಂತೆ. ಅಪ್ಪ ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಡುಮನೆಯ ಬೀರುವನ್ನು ಸರಿಸಿ ಅವಳ ಹಾಸಿಗೆಗೆ ಜಾಗ ಮಾಡಿಕೊಟ್ಟು ಆಫೀಸಿಗೆ ಹೋದರು.

ನನಗಂತೂ ಮನೆ ಎಂದರೆ ಅವಳೇ. ಎಣ್ಣೆ ಹಚ್ಚಿ ಜಡೆ ಬಿಗಿಯುವಾಗ, ಹುರಿಹಿಟ್ಟು ಕಲಸುವಾಗ, ಬಚ್ಚಲೊಲೆಗೆ ತೆಂಗಿನ ಗರಿ ತುರುಕುವಾಗ ಅವಳ ಬಾಯಲ್ಲಿ ಅದೇ ಸಾಲು. ಅದನ್ನು ಕೇಳುತ್ತಾ ಕೇಳುತ್ತಾ ನಿದ್ದೆ ಹೋಗಿದ್ದೇನೆ, ಎದ್ದಿದ್ದೇನೆ.

ನನ್ನ ಏಳನೇ ಕ್ಲಾಸಿನ ವರ್ಷ, ಅವರೆಕಾಯಿ ಕಾಲದ ಒಂದು ಭಾನುವಾರ, ಅತ್ತೆಯ ಗಂಡ, ನಮ್ಮ ಮಾವ ಬಂದರು. ಒಂದು ಕುಕ್ಕೆ ಕಾಯಿ ತಂದಿದ್ದರು. ತಾಯಿ ತೀರಿಹೋದರು, ಇನ್ನಾದರೂ ಮನೆಗೆ ಬಾ ಎಂದು ಕೇಳಿದರು. ನನ್ನನ್ನು ಇಲ್ಲಿಗೆ ಕರೆದದ್ದು ಆ ಹಾಡು ಎಂದಳು ಅತ್ತೆ. ಮಾವ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

“ನಿನ್ನ ಪಕ್ಕದಾಗೇ ಕುಂತು ನಾನೂ ಕೇಳಿವ್ನಿ. ಆಡೋಳು ತಂಗಿ. ಬರಾಕಿಲ್ಲ ಅಂತಾಳೆ. ನೀನು ಬಾ ಅಂತ ಕೇಳಿಸ್ಕಂಡು ಇಂಗೆ ಬಂದ್ಬುಟ್ಟೆ” ಎಂದರು.

ಮುಂದಿನ ಭಾನುವಾರ ಬರುತ್ತೇನೆಂದು ಅವರು ಹೊರಟರು. ಅವರು ಬೀದಿ ದಾಟಿದ ಮೇಲೆ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದಳು.

“ಪುಟ್ಟಿ, ಆ ನಾಟಕದ ಪುಸ್ತಕ ಲೈಬ್ರರೀಲಿ ಇರುತ್ತಾ ನೋಡು. ಆ ಸಾಲು ಹೆಂಗಿದೆಯೋ ಹಂಗೇ ಬರ್ಕೊಂಡು ಬಾ. ಬಾ ಅಂತಿದ್ರೆ ಇರ್ತೀನಿ. ಇಲ್ದಿದ್ರೆ ಕರೀದೇ ಬಂದೋಳು ನಾನು, ಹೊರಟು ಹೋಗ್ತೀನಿ.”

ಮೂರು ದಿನ ಶಾಲೆ ಬಿಟ್ಟೊಡನೆ ಆ ಮಹಡಿ ಹತ್ತಿದೆ. ಮೇಷ್ಟ್ರಿಗೆ ನನಗಿಂತ ಹುಮ್ಮಸ್ಸು. ಮೊದಲು ದಪ್ಪ ಚರಿತ್ರೆ ಪುಸ್ತಕ ಇಳಿಸಿದರು. ಅದರಲ್ಲಿ ಪಾಳೇಗಾರನಿಗೆ ನಾಲ್ಕು ಸಾಲು, ತಂಗಿಯ ಸುದ್ದಿಯೇ ಇಲ್ಲ. ಇನ್ನೊಂದರಲ್ಲಿ ‘ಒಬ್ಬ ತಂಗಿ ಇದ್ದಳೆನ್ನುತ್ತಾರೆ’ ಎಂದಷ್ಟೇ. ಹಳೇ ಪತ್ರಿಕೆಗಳ ಕಟ್ಟಿನಲ್ಲಿ ನಾಟಕದ ಜಾಹೀರಾತು ಸಿಕ್ಕಿತು. ಮಸುಕು ಮಸುಕಾದ ಕೋಟೆಬಾಗಿಲು, ಅದರ ಮುಂದೆ ಬೆನ್ನು ತಿರುಗಿಸಿ ನಿಂತ ಹೆಣ್ಣು. ನೋಡುತ್ತಾ ಕೂತವಳಿಗೆ ಬಂದ ಕೆಲಸವೇ ಮರೆತುಹೋಯಿತು. ಕುದುರೆಗಳು ಓಡಿದವು, ಕೊಂಬು ಊದಿದರು, ಆ ಹೆಣ್ಣು ತಿರುಗಿದರೆ ಗೌರತ್ತೆ. ಕೊನೆಗೆ ಬುಧವಾರ ಬೀರುವಿನ ತಳದಿಂದ ಆ ನಾಟಕದ ಹಾಡುಗಳ ಪುಸ್ತಕ ಬಂತು, ತೆಳ್ಳಗೆ, ಬೆನ್ನಿಗೆ ಹೊಸ ಗೋಂದು. ಮನೆಗೆ ಕೊಡುವಂತಿಲ್ಲ, ಇಲ್ಲೇ ಬರೆದುಕೋ ಎಂದರು. ಸಾಲು ಇತ್ತು. ‘ಬಾರೆನೀ ಮನೆಗೆ.’ ಸೇರಿಸಿ ಅಚ್ಚು ಹಾಕಿದ್ದರು.

“ಎಲ್ಲಿ, ಬಿಡಿಸು ನೋಡೋಣ. ಬಾರೆನು, ಈ, ಬಾರೆನೀ. ಲೋಪಸಂಧಿ. ಈ ಮನೆಗೆ ನಾನು ಬರೋಲ್ಲ ಅಂತ ಅರ್ಥ” ಎಂದರು ಮೇಷ್ಟ್ರು. ಅವರಿಗೆ ಪಾಠ ಹೇಳಿದ ಖುಷಿ. ನಾನು ಪುಸ್ತಕವನ್ನು ಹತ್ತಿರ ಎಳೆದುಕೊಂಡೆ. ಅವರಿಗೆ ಬೆನ್ನು ಮಾಡಿ ಕೂತು, ಚೀಟಿಯ ಮೇಲೆ ‘ಬಾರೆ’ ಎಂದು ಬರೆದು, ಒಂದು ಬೆರಳಿನಷ್ಟು ಜಾಗ ಬಿಟ್ಟು, ‘ನೀ ಮನೆಗೆ’ ಎಂದು ಬರೆದೆ. ಅಕ್ಷರ ಒಂದೂ ತಪ್ಪಿರಲಿಲ್ಲ.

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ಗೌರತ್ತೆ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ಆ ಖಾಲಿ ಜಾಗದಲ್ಲಿ ಬೆರಳು ನಿಂತಿತು. ಹಿಂಗೇ ಇತ್ತಾ ಪುಟ್ಟಿ ಎಂದಳು. ಹೂಂ ಅತ್ತೆ ಎಂದೆ. ಚೀಟಿ ಮಡಚಿ ಕುಂಕುಮದ ಭರಣಿಯಲ್ಲಿಟ್ಟಳು. ಭಾನುವಾರ ಬಂದ ಮಾವನಿಗೆ ಕಾಫಿ ಕೊಟ್ಟು, ನಾನು ಬರೋದಿಲ್ಲ ಎಂದು ಮೆತ್ತಗೆ ಹೇಳಿದಳು. ಅವರು ಟವೆಲಿನಿಂದ ಬಾಯಿ ಒರೆಸಿಕೊಂಡು, ಖಾಲಿ ಕುಕ್ಕೆ ಎತ್ತಿಕೊಂಡು ಹೋದರು. ಈಗ ನೆನೆದರೆ ಪಾಪ ಅನ್ನಿಸುತ್ತದೆ. ಅವತ್ತು ನಾನು ಹಿತ್ತಿಲಲ್ಲಿ ಕುಣಿದೆ.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಗೌರತ್ತೆ ತೀರಿಕೊಂಡಳು. ಅಷ್ಟು ವರ್ಷವೂ ನನಗೆ ಒಳಗೊಳಗೇ ಭಯ. ಒಂದು ಬೆರಳು ಜಾಗದಿಂದ ಒಂದು ಸಂಸಾರವನ್ನೇ ಕೆಡಿಸಿದೆನೇನೋ ಎಂದು. ಅವಳು ಹೋಗಿ ಹದಿನೈದು ದಿನದ ಮೇಲೆ, ಲೈಬ್ರರಿಯಿಂದ ತಂದಿದ್ದ ಬೇರೊಂದು ಪುಸ್ತಕ ಹಿಂದಿರುಗಿಸಲು ಹೋದಾಗ ತಡೆಯಲಾರದೆ ಮೇಷ್ಟ್ರ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಗೋಂದಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ನಾನು ಬರೆದುಕೊಂಡು ಹೋದ ಮಾರನೇ ದಿನವೇ ಅತ್ತೆ ಆ ಮೆಟ್ಟಿಲು ಹತ್ತಿ ಬಂದಿದ್ದಳಂತೆ. ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ಪುಸ್ತಕ ತೆಗೆಸಿ, ಪಕ್ಕದಲ್ಲಿ ನನ್ನ ಚೀಟಿ ಇಟ್ಟುಕೊಂಡು, ಎರಡರ ಮೇಲೂ ಬೆರಳು ಆಡಿಸಿ, ಅರ್ಥ ಕೇಳಿ ತಿಳಿದುಕೊಂಡು, ಚೀಟಿಯನ್ನು ಮತ್ತೆ ಮಡಚಿದಳಂತೆ.

“ಇದ್ರಲ್ಲಿ ಸೇರಿಸಿ ಬರೆದಿದಾರೆ, ನಮ್ಮ ಹುಡುಗಿ ಬಿಡಿಸಿ ಬರೆದಿದಾಳೆ ಸಾರ್. ಅಣ್ಣ ಕರೀಲಿಲ್ಲ, ಹಾಡೂ ಕರೀಲಿಲ್ಲ. ಇವಳು ಕರೆದ್ಲಲ್ಲ, ಸಾಕು” ಎಂದಳಂತೆ.

ಆ ಮಹಡಿ ಈಗಿಲ್ಲ, ನಮ್ಮ ನಡುಮನೆಯೂ ಇಲ್ಲ, ಭರಣಿ ಯಾರ ಪಾಲಿಗೆ ಹೋಯಿತೋ ಗೊತ್ತಿಲ್ಲ. ಮಧ್ಯಾಹ್ನ ಒಬ್ಬಳೇ ಇದ್ದಾಗ ಆ ಸಾಲು ತಾನಾಗಿ ಬಾಯಿಗೆ ಬರುತ್ತದೆ. ‘ಬಾರೆ’ ಎಂದ ಮೇಲೆ ಒಂದು ಉಸಿರು ತೆಗೆದುಕೊಳ್ಳುತ್ತೇನೆ. ಆಮೇಲೆ ಮುಂದಿನದು ಹಾಡುತ್ತೇನೆ.