ಮಾನಮ್ಮ ತಿದ್ದಿದ ಎಂಟು

ಪುಣೆಯ ಹಡಪಸರದ ಕಾಲುವೆ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಹಳೆಯ ಕಾರು ರಿಪೇರಿ ಮಾಡಿ ಹೊಸದರ ಹಾಗೆ ನಿಲ್ಲಿಸುವವರು ಏಳೆಂಟು ಮಂದಿ ಇದ್ದಾರೆ. ಅವರಲ್ಲಿ ಹೆಂಗಸು ಮಾನಮ್ಮ ಒಬ್ಬಳೇ. ಗಂಡ ಶಂಕ್ರೆಪ್ಪ ಸುತ್ತಿಗೆಯವನು. ಜಜ್ಜಿದ ಬಾಗಿಲು, ಸೊಟ್ಟ ಬಂಪರು ಅವನ ಪಾಲು. ತುಕ್ಕು ಮಾನಮ್ಮನ ಪಾಲು. ತಗಡು ಎಲ್ಲಿ ಗಟ್ಟಿಯಿದೆ, ಎಲ್ಲಿ ಹಪ್ಪಳವಾಗಿದೆ ಎಂಬುದನ್ನು ಅವಳು ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಕೇಳುತ್ತಾಳೆ.

ಆ ಬೆರಳು ಪುಣೆಯಲ್ಲಿ ಬಂದದ್ದಲ್ಲ. ಅವಳು ಸುರಪುರದ ಕಡೆಯ ಒಡ್ಡರ ಮಗಳು. ಅವ್ವ ರುದ್ರವ್ವ ಉಳಿ ಸುತ್ತಿಗೆ ಬುಟ್ಟಿಯಲ್ಲಿಟ್ಟುಕೊಂಡು ಓಣಿ ಓಣಿ ತಿರುಗಿ ಬೀಸುಕಲ್ಲಿಗೆ ಕಕ್ಕು ಹಾಕುತ್ತಿದ್ದಳು. ಬೀಸಿ ಬೀಸಿ ನುಣ್ಣಗಾದ ಕಲ್ಲಿನಲ್ಲಿ ಜೋಳ ಹಿಟ್ಟಾಗುವುದಿಲ್ಲ, ಕಾಳು ಜಾರಿ ಹೊರಗೆ ಬೀಳುತ್ತದೆ. ಆಗ ಸವೆದ ಗೆರೆಗಳನ್ನು ತಡವಿ ಹುಡುಕಿ, ಅದೇ ಗೆರೆಯ ಮೇಲೆ ಉಳಿ ಹೊಡೆದು ಮತ್ತೆ ಒರಟು ಮಾಡಬೇಕು. ಹೊಸ ಗೆರೆ ಕೊರೆದರೆ ಕಲ್ಲು ಕೆಡುತ್ತದೆ. ಮಾನಮ್ಮ ಕಲಿತ ಶಾಲೆ ಅಷ್ಟೇ. ಹಿಟ್ಟಿನ ಗಿರಣಿ ಬಂತು, ಕಸುಬು ಸತ್ತಿತು, ಮದುವೆಯಾದವಳು ಗಂಡನ ಜೊತೆ ಪುಣೆಯ ಗಾಡಿ ಹತ್ತಿದಳು.

ಮೊದಲ ಆರು ವರ್ಷ ಮಗರಪಟ್ಟಾದ ಟವರುಗಳಿಗೆ ಸಿಮೆಂಟು ಹೊತ್ತಳು. ಈಗ ಅದೇ ಕಟ್ಟಡಕ್ಕೆ ಹೋದರೆ ವಾಚಮನ್ ಮೇಲಿನ ಮನೆಗೆ ಫೋನು ಮಾಡಿ, ಬಿಡಲೋ ಬೇಡವೋ ಎಂದು ಕೇಳುತ್ತಾನೆ. ಮಾನಮ್ಮ ಅದಕ್ಕೆ ಕಣ್ಣೀರು ಹಾಕುವವಳಲ್ಲ. “ನಾನ ಕಟ್ಟಿದ್ದೈತೋ ಅಪ್ಪಾ, ಬೀಳೂದಿಲ್ಲ, ಹೆದರಬ್ಯಾಡ” ಎಂದು ಅವನಿಗೇ ಧೈರ್ಯ ಹೇಳಿ ಲಿಫ್ಟು ಹತ್ತುತ್ತಾಳೆ.

ಒಮ್ಮೆ ಹಾಗೆ ಲಿಫ್ಟು ಹತ್ತಿದ್ದು ಕಾರಿನ ಕೆಲಸ ಮಾತಾಡಲು, ಇಂದೂ ದೇಸಾಯಿಯವರ ಮನೆಗೆ. ಧಾರವಾಡದವರು, ಹಲ್ಲಿನ ಡಾಕ್ಟರು, ಒಂದು ಮುದಿ ಫಿಯಾಟ್ ಕಾರಿನ ಒಡತಿ. ಐವತ್ತು ವರ್ಷ ದಾಟಿದ ಕಾರು, ನಾಲ್ಕನೆಯ ಕೈ. ಇದನ್ನು ಮೂಲದ ಹಾಗೆ ಮಾಡಿ ಭಾನುವಾರ ಭಾನುವಾರ ಓಡಿಸಬೇಕು ಎಂಬುದು ಅವರ ಹುಚ್ಚು.

“ನಂದೂ ನಿಂದೂ ಒಂದ ಕೆಲಸ ನೋಡು ಮಾನಮ್ಮ. ಹುಳುಕ ಕೆರಿ, ತುಂಬು, ತಿಕ್ಕು.”

“ಒಂದ ಹ್ಯಾಂಗ್ರಿ? ನಿಮ್ಮ ಗಿರಾಕಿ ಚೀರತಾವ, ನಮ್ಮವು ಬಾಯಿ ಮುಚ್ಚಿಕೊಂಡಿರತಾವ.”

ಕಾರು ಶೆಡ್ಡಿಗೆ ಬಂತು. ಇಂಜಿನ್ನಿನ ಹಿಂದೆ ಒಂದು ತಗಡಿನ ಗೋಡೆ ಇರುತ್ತದೆ. ಕಾರ್ಖಾನೆಯವರು ಚಾಸಿ ನಂಬರು ಗುದ್ದುವುದು ಅಲ್ಲಿ. ಬಣ್ಣ, ಬಾಗಿಲು, ಇಂಜಿನ್ನು ಎಲ್ಲ ಬದಲಾದರೂ ಕಾರಿನ ಗುರುತು ಆ ನಂಬರೇ. ಆರ್‌ಸಿ ಪುಸ್ತಕದಲ್ಲಿರುವುದೂ ಅದೇ. ಈ ಫಿಯಾಟಿನಲ್ಲಿ ತುಕ್ಕು ತಿಂದು ಮೂರು ಅಂಕಿ ಮಾಸಿಹೋಗಿದ್ದವು. ಮಾನಮ್ಮ ತುಕ್ಕು ಕೆರೆದಳು, ಸೀಮೆಎಣ್ಣೆ ಒರೆಸಿದಳು, ಹೆಬ್ಬೆರಳಿಟ್ಟು ತಡವಿದಳು. ಆಮೇಲೆ ಸಣ್ಣ ಉಳಿ ತೆಗೆದುಕೊಂಡು, ಅವ್ವ ಕಲಿಸಿದ ಹಾಗೆ, ಸವೆದ ಗೆರೆಯ ಮೇಲೆಯೇ ಹೊಡೆದು ಮೂರೂ ಅಂಕಿ ಎಬ್ಬಿಸಿದಳು. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡುವವರಿರಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟರೆ ಅವಳಿಗೆ ಉಂಡದ್ದು ಅರಗುವುದಿಲ್ಲ.

ಶಂಕ್ರೆಪ್ಪ ಬಗ್ಗಿ ನೋಡಿ, “ಗುಡಿ ಮುಂದಿನ ಶಾಸನ ಆದಂಗ ಆಗ್ಯಾದ ಬಿಡು” ಎಂದ.

ನೋಂದಣಿ ನವೀಕರಣಕ್ಕೆ ಕಾರನ್ನು ಸಾರಿಗೆ ಕಚೇರಿಯ ಮೈದಾನಕ್ಕೆ ಒಯ್ದರು. ಇನ್‌ಸ್ಪೆಕ್ಟರ್ ಅನುಜಾ ಎಂಬ ನಡುವಯಸ್ಸಿನ ಮರಾಠಿ ಹೆಂಗಸು. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲು ತಿಕ್ಕಿದಳು. ಅಚ್ಚು ಎದ್ದಿತು. ಪುಸ್ತಕಕ್ಕೆ ಹಿಡಿದು ನೋಡಿದಳು. ಪುಸ್ತಕದಲ್ಲಿ ಕೊನೆಯ ಅಂಕಿ ಮೂರು. ಕಾಗದದಲ್ಲಿ ಎಂಟು. ಬಗ್ಗಿ ಟಾರ್ಚು ಬಿಟ್ಟಳು. ಉಳಿಯ ಏಟು ಹೊಸ ಬೆಳ್ಳಿಯ ಹಾಗೆ ಹೊಳೆಯಿತು.

“ಹೇ ಕೋಣೀ ಕೇಲಂ?” ಯಾರು ಮಾಡಿದ್ದು ಇದು ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಕಾರು ಜಪ್ತಾಗಿ ಹಿಂದಿನ ಅಂಗಳಕ್ಕೆ ಹೋಯಿತು. ಕದ್ದ ಕಾರುಗಳಿಗೆ ನಂಬರು ತಿದ್ದುವುದು ಹೀಗೆಯೇ. ಮೂರು ಎಂಟಾಗಿದ್ದರೆ ಇಂದೂ ಅವರ ಮೇಲೂ ಶೆಡ್ಡಿನವರ ಮೇಲೂ ಪೊಲೀಸ್ ಕೇಸು. ನಾಳೆ ಬಂದು ಹೇಳಿಕೆ ಬರೆದುಕೊಡಿ ಎಂದಳು.

ಮನೆಯಲ್ಲಿ ಶಂಕ್ರೆಪ್ಪ ರೊಟ್ಟಿ ಮುರಿಯಲಿಲ್ಲ. “ಗಾಡಿ ಬಂದಾಗ ಹಂಗ ಇತ್ತು ಅನ್ನೂಣು. ನಾವು ನೋಡೇ ಇಲ್ಲ.”

“ಅಂದ್ರ ಡಾಕ್ಟ್ರಮ್ಮ ಮಾಡಿಸ್ಯಾರ ಅಂತಾತಲ್ಲ?”

“ಅವರಿಗೆ ವಕೀಲರದಾರ, ಬಿಡಿಸಿಕೊಂಡು ಹೋಗ್ತಾರ. ನಮಗ್ಯಾರದಾರ?”

“ನನ್ನ ಬೆರಳದ. ಅಡಿಯಾಗ ಎಂಟಿತ್ತು.”

“ಬೆರಳು ಕೋರ್ಟಿಗೆ ಬಂದು ಮಾತಾಡ್ತದೇನ ಹುಚ್ಚಿ!”

“ನಾ ಕರಕೊಂಡು ಹೋಗ್ತೀನಿ. ನೀ ಮೊದಲ ಉಣ್ಣು.”

ಮರುದಿನ ಕಚೇರಿಯಲ್ಲಿ ಇಂದೂ ಅವರು ಬಾಯಿ ತೆರೆಯುವ ಮೊದಲೇ ಮಾನಮ್ಮ ಮೇಜಿನ ಮುಂದೆ ಹೋಗಿ ನಿಂತಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ಆದರೆ ಸಿಟ್ಟು ಬಂದಲ್ಲಿ ಅವಳ ಮರಾಠಿ ಸುರಪುರದ ಕಡೆ ಹೊರಳುತ್ತಿತ್ತು.

“ನಾನ ಹೊಡದೀನ್ರಿ. ಇವರಿಗ್ಯಾರಿಗೂ ಗೊತ್ತಿಲ್ಲ. ಮಾಸಿತ್ತು, ಎಬ್ಬಿಸೀನಿ.”

“ಮೂರನ್ನು ಎಂಟು ಮಾಡಿದ್ದೀಯ.”

“ಎಂಟಿತ್ತು, ಎಂಟು ಮಾಡೀನಿ.”

“ಪುಸ್ತಕ ಮೂರು ಅನ್ನುತ್ತದಲ್ಲ?”

“ಪುಸ್ತಕ ಬರದವ ಗಾಡಿ ಮುಟ್ಟಿ ನೋಡಿದ್ದನೇನ್ರಿ?”

ಅನುಜಾ ಪೆನ್ನು ಕೆಳಗಿಟ್ಟಳು. ಎಂಟೇ ಇತ್ತು ಎಂದುಕೊಂಡರೂ ತಪ್ಪು ತಪ್ಪೇ ಎಂದು ಬಿಡಿಸಿ ಹೇಳಿದಳು. ಆ ನಂಬರು ಮಿಸ್ತ್ರಿಯದಲ್ಲ, ಕಾರಿನ ಒಡೆಯರದೂ ಅಲ್ಲ. ಮಾಸಿದರೆ ಅರ್ಜಿ ಕೊಡಬೇಕು. ಕಚೇರಿ ಒಪ್ಪಿದ ಮೇಲೆ, ಕಚೇರಿ ಹೇಳಿದವನು, ಕಚೇರಿಯ ಕಣ್ಣೆದುರು ಹೊಸದಾಗಿ ಗುದ್ದಬೇಕು. ಒಳ್ಳೆಯ ಕೈಯಾದರೂ ಕಳ್ಳ ಕೈಯಾದರೂ ಉಳಿಯ ಗುರುತು ಒಂದೇ ಥರ ಕಾಣುತ್ತದೆ, ಹೇಗೆ ನಂಬುವುದು?

“ಇದನ್ನ ನಮಗ್ಯಾರು ಹೇಳಬೇಕಿತ್ರಿ?”

ಕಾಯ್ದೆ ಎಲ್ಲರಿಗೂ ಗೊತ್ತಿದೆ ಎಂದೇ ಕಾಯ್ದೆ ಹಿಡಿಯುತ್ತದೆ. ಗೊತ್ತು ಮಾಡಿಸುವ ಕೆಲಸ ಯಾರದೆಂದು ಅದರಲ್ಲಿ ಬರೆದಿಲ್ಲ. ಆದರೆ ಹೇಳಿಕೆಯನ್ನು ಅನುಜಾ ನೆಟ್ಟಗೆ ಬರೆದುಕೊಂಡಳು, ಒಂದಕ್ಷರ ಕೂಡಿಸದೆ, ಕಳೆಯದೆ. ಓದಿ ಹೇಳಿದಳು. ಮಾನಮ್ಮ ಸಹಿ ಮಾಡಿದಳು. ಕಾರನ್ನು ಪರೀಕ್ಷೆಗೆ ಕಳಿಸುವುದೆಂದಾಯಿತು.

ಪರೀಕ್ಷೆ ಎಂದರೆ ಏನು ಎಂದು ಇಂದೂ ವಿವರಿಸಿದರು. ಕಾರ್ಖಾನೆಯ ಏಟು ಭಾರಿ. ಮೇಲೆ ಕಾಣುವ ತಗ್ಗಿನ ಕೆಳಗೂ ಲೋಹ ನಲುಗಿರುತ್ತದೆ. ಮೇಲಿನದನ್ನು ಉಜ್ಜಿದರೂ ತಿದ್ದಿದರೂ ಒಳಗಿನ ನಲುಗು ಹೋಗುವುದಿಲ್ಲ. ಆಸಿಡ್ ಸವರಿದರೆ ಹಳೆಯ ಅಂಕಿ ತಾನೇ ಏಳುತ್ತದೆ.

“ಹಂಗಾದ್ರ ನಿದ್ದಿ ಮಾಡ್ರಿ ಡಾಕ್ಟ್ರಮ್ಮ” ಎಂದಳು ಮಾನಮ್ಮ. ತಾನೂ ಮಾಡಿದಳು. ಮಾಡದವನು ಶಂಕ್ರೆಪ್ಪ.

ಐದು ವಾರ ಹಿಡಿಯಿತು. ಸುದ್ದಿ ಹಬ್ಬಿ ಶೆಡ್ಡಿಗೆ ಬರುವ ಗಾಡಿ ಅರ್ಧಕ್ಕಿಳಿದವು. ಪಕ್ಕದ ಶೆಡ್ಡಿನ ಮಹೇಶಕುಮಾರ, “ಮಾನಕ್ಕಾ, ನನ್ನ ಆಧಾರ್ ಕಾರ್ಡಿನ್ಯಾಗೂ ಒಂದು ನಂಬರ ತಿದ್ದಿ ಕೊಡ” ಎಂದು ಕೆಣಕಿದ. “ಮೊದಲ ನಿನ್ನ ಮೂಗು ತಿದ್ತೀನಿ, ಬಾ” ಎಂದಳು ಇವಳು, ಸುತ್ತಿಗೆ ಕೈಯಲ್ಲೇ ಇತ್ತು. ಗಾಡಿ ಇಲ್ಲದ ದಿನ ಶೆಡ್ಡಿನ ತಗಡಿಗೇ ಬಣ್ಣ ಹೊಡೆದಳು.

ವರದಿ ಬಂತು. ಎಂಟರ ಅಡಿಯಲ್ಲಿ ಎಂಟೇ ಇತ್ತು, ಮೂರರ ಸುಳಿವಿಲ್ಲ. ಅನುಜಾ ಹಳೆಯ ಫೈಲು ತರಿಸಿ, ಮೊದಲ ನೋಂದಣಿಯ ಪೆನ್ಸಿಲು ಅಚ್ಚು ಹುಡುಕಿದ್ದಳು. ಅಲ್ಲಿಯೂ ಎಂಟು. ನಡುವೆ ಎಂದೋ ಪುಸ್ತಕ ಹರಿದು ನಕಲು ಮಾಡುವಾಗ ಯಾವುದೋ ಊರಿನ ಯಾವನೋ ಗುಮಾಸ್ತ ಅರ್ಧ ಎಂಟು ಬರೆದು ಮುಗಿಸಿದ್ದ. ಆಮೇಲೆ ಬಂದವರೆಲ್ಲ ಅವನನ್ನೇ ನಕಲು ಮಾಡಿದ್ದರು.

ಕೇಸು ಬೀಳಲಿಲ್ಲ. ಮಾನಮ್ಮನಿಗೆ ಒಂದು ಲಿಖಿತ ತಾಕೀತು. ಅವಳ ಅಂಕಿಗಳಿಗೆ ಗೆರೆ ಎಳೆದು ಕೆಳಗೆ ಹೊಸದಾಗಿ ಗುದ್ದಬೇಕು, ಪುಸ್ತಕ ತಿದ್ದಬೇಕು ಎಂದು ಆದೇಶ.

ಕಚೇರಿ ಗೊತ್ತುಮಾಡಿದ ಗುದ್ದುವವನು ಹಿಂದಿನ ಅಂಗಳಕ್ಕೆ ಅಚ್ಚುಗಳ ಪೆಟ್ಟಿಗೆ ತಂದ. ಮೊದಲು ಅವಳ ಮೂರು ಅಂಕಿಗಳ ಮೇಲೆ ಅಡ್ಡಗೆರೆ ಎಳೆದ. ಆಮೇಲೆ ಒಂದೊಂದೇ ಅಚ್ಚಿಟ್ಟು ಹೊಡೆಯತೊಡಗಿದ. ಕೊನೆಯ ಎಂಟು ಬರುವ ಹೊತ್ತಿಗೆ ಕೈ ಸೋತಿತ್ತೋ ಏನೋ, ಅಚ್ಚು ವಾಲಿತು. ಮಾನಮ್ಮ ಹಲ್ಲು ಕಚ್ಚಿದಳು. ಶಂಕ್ರೆಪ್ಪ ಅವಳ ಮುಂಗೈ ಹಿಡಿದುಕೊಂಡ. “ಸುಮ್ನಿರ ತಾಯಿ. ನಿನ್ನ ಕಾಲು ಬೀಳ್ತೀನಿ.”

ಅತ್ತ ಮೇಜಿನ ಮೇಲೆ ಅನುಜಾ ಪುಸ್ತಕದ ಮೂರನ್ನು ಹೊಡೆದುಹಾಕಿ, ಮೇಲೆ ಎಂಟು ಬರೆದು, ಪಕ್ಕದಲ್ಲಿ ಸಹಿ ಮಾಡಿ ಶಿಕ್ಕಾ ಒತ್ತಿದಳು.

“ಇದು ತಿದ್ದೂದಲ್ಲೇನ್ರಿ ಸಾಹೇಬರ?”

“ತಿದ್ದಿದ್ದೇ. ಆದರೆ ಯಾರು ತಿದ್ದಿದರು, ಯಾವತ್ತು, ಯಾಕೆ ಅಂತ ಬರೆದಿಟ್ಟಿದ್ದೇನೆ. ಕದ್ದು ತಿದ್ದಿದವನು ಇದನ್ನು ಬರೆಯುವುದಿಲ್ಲ. ಮುಂದಿನ ಸಲ ಉಳಿ ಹಿಡಿಯುವ ಮೊದಲು ಒಂದು ಅರ್ಜಿ ಹಿಡಿ.”

ಮಾನಮ್ಮ ತಲೆ ಆಡಿಸಿದಳು. ಮಾತು ನ್ಯಾಯದ್ದೇ ಅನ್ನಿಸಿತು. “ಹಿಡೀತೀನ್ರಿ. ಆದ್ರ ಆ ಮನುಷ್ಯಾಗ ಒಂದು ಸ್ಟೂಲ್ ಕೊಡ್ರಿ. ಬಗ್ಗಿ ಹೊಡದ್ರ ಎಂಟು ನೆಟ್ಟಗ ಬರೂದಿಲ್ಲ.”

ಅನುಜಾ ನಗು ತಡೆಯಲಿಲ್ಲ.

ಇಂದೂ ಫಿಯಾಟು ತಾವೇ ಓಡಿಸಿದರು. ಮಾನಮ್ಮ ಮುಂದೆ, ಶಂಕ್ರೆಪ್ಪ ಹಿಂದೆ. ಇಂಜಿನ್ನು ಹದವಾಗಿ ಗುರುಗುಟ್ಟುತ್ತಿತ್ತು. ಸೊಲ್ಲಾಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ತಡೆಯಲಾಗಲಿಲ್ಲ.

“ಡಾಕ್ಟ್ರಮ್ಮ, ಆ ಎಂಟು ನೋಡಿದ್ರಿ? ಕುಡದು ಗ್ವಾಡಿಗಿ ಆತುಕೊಂಡವನಂಗ ನಿಂತದ.”

“ಕಾಯ್ದೇಶೀರ ನಿಂತದಲ್ಲ” ಎಂದ ಶಂಕ್ರೆಪ್ಪ ಹಿಂದಿನಿಂದ.

“ನಿಲ್ಲಲಿ ಬಿಡು” ಎಂದು ಮಾನಮ್ಮ ಕಿಟಕಿಯ ಗಾಜು ಇಳಿಸಿದಳು. ಎಲ್ಲೂ ಕಿರುಗುಟ್ಟದೆ ಗಾಜು ಸರ್ರನೆ ಇಳಿಯಿತು.