ಮಗಳ ಬೈರಾಸು

ಮಗಳ ತೊಡೆಯಲ್ಲಿ ಕುರು ಎದ್ದಾಗ ನನಗೆ ಸಂಕಟವಾಯಿತು, ಸುಳ್ಳಲ್ಲ. ಆದರೆ ಅದರ ಜೊತೆಗೇ ಒಳಗೊಳಗೆ ಒಂದು ಸಮಾಧಾನವೂ ಆಯಿತು. ಈ ಸಲವಾದರೂ ನನ್ನ ಓರಗಿತ್ತಿ ಸಿಕ್ಕಿಬಿದ್ದಳಲ್ಲ ಎಂದು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಬಂಟ್ವಾಳದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಬೆಳಿಗ್ಗೆ ಮೆಲ್ಕಾರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋದರೆ ನಾನು ಬರುವುದು ಸಂಜೆ. ಅಷ್ಟು ಹೊತ್ತೂ ಮಗಳು ಅವಳ ಸೊಂಟದಲ್ಲಿ. ಬಿದ್ದರೆ ದೊಡ್ಡಮ್ಮ, ನಿದ್ದೆ ಬಂದರೆ ದೊಡ್ಡಮ್ಮ. ನಾನು ತಂದ ಚಾಕಲೇಟಿನಲ್ಲೂ ಅರ್ಧ ಮುರಿದು ಅವಳಿಗೆ ಓಡಿಹೋಗಿ ಕೊಡುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಟುಮಾವಿನ ಹಣ್ಣು ಉಷ್ಣ, ಮಗುವಿಗೆ ಕೊಡಬೇಡಿ ಎಂದು ನಾನು ಹೇಳಿಯೇ ಇದ್ದೆ. ಅವಳು ಕೊಟ್ಟಳು. ಇನ್ನೇನು ಬೇಕು? ಕುರು ನಿಂಬೆಹಣ್ಣಿನಷ್ಟಾಗಿ, ಕೆಂಪಗೆ ಬಿಗಿದು ಜ್ವರ ಬಂದಾಗ, ಡಾಕ್ಟರ ಬಾಯಿಂದಲೇ ಕೇಳಿಸಿಕೊಳ್ಳಲಿ ಎಂದು ಅವಳನ್ನೂ ರಿಕ್ಷಾ ಹತ್ತಿಸಿದೆ.

ಮಾವಿನಹಣ್ಣಿನ ಕಥೆಯನ್ನು ಬಿಡಿಸಿ ಬಿಡಿಸಿ ಹೇಳಿದೆ. ಡಾಕ್ಟರು ಕುರುವಿನ ಸುತ್ತ ಮೆಲ್ಲಗೆ ಒತ್ತಿ ನೋಡಿದರು.

"ಮಾವಿನಹಣ್ಣಿಗೆ ಯಾಕೆ ಬೈತೀರಿ ಮಾರಾಯ್ರೆ? ಸೊಳ್ಳೆ ಕಚ್ಚಿದಲ್ಲಿ ಮಗು ತುರಿಸಿಕೊಂಡಿದೆ. ಆ ಗಾಯದಲ್ಲಿ ರೋಗಾಣು ಒಳಗೆ ಹೋಗಿ ಕೀವಾಗಿದೆ."

ಮನೆಯಲ್ಲಿ ಬೇರೆ ಯಾರಿಗಾದರೂ ಕುರು ಆಗಿತ್ತೇ ಎಂದು ಕೇಳಿದರು. ಆಗಿತ್ತು, ನನ್ನ ಗಂಡನಿಗೆ. ನಮ್ಮಲ್ಲಿ ಟವೆಲಿಗೆ ಬೈರಾಸು ಎನ್ನುತ್ತೇವೆ. ಬಚ್ಚಲಿನ ಬಾಗಿಲಲ್ಲಿ ತೂಗುವ ಒಂದೇ ಬೈರಾಸಿನಲ್ಲಿ ಮನೆಮಂದಿಯೆಲ್ಲ ಮೈ ಒರೆಸುವುದು. ಅದನ್ನು ಹೇಳಿದಾಗ ಡಾಕ್ಟರು, ರೋಗಾಣು ಅದರಿಂದಲೇ ಹರಡಿರಬೇಕು, ಮಗುವಿಗೆ ಬೇರೆಯೇ ಬೈರಾಸು ಇಡಬೇಕು, ಉಗುರು ಕತ್ತರಿಸಬೇಕು ಎಂದರು. ಓರಗಿತ್ತಿ ನನ್ನತ್ತ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಜಗಳವಾದರೂ ಆಡಬಹುದಿತ್ತು.

ಕೀವು ತೆಗೆಯುವಾಗ ಮಗುವನ್ನು ಹಿಡಿದುಕೊಳ್ಳಲು ತಾಯಿ ಬರಲಿ ಎಂದಳು ನರ್ಸು. ನಾನು ಹೋದೆ. ಮಗಳು ನನ್ನ ಕೈ ತಳ್ಳಿದಳು.

"ನೀನು ಬೇಡ. ದೊಡ್ಡಮ್ಮ ಬರ್ಲಿ."

ಪರದೆಯ ಹೊರಗೆ ನಿಂತು ಅವಳ ಅಳು ಕೇಳಿದೆ. ಅದು ಸಣ್ಣದಾಗುತ್ತಾ ಯಾರ ಹೆಗಲಲ್ಲಿ ನಿಂತಿತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಅಂಗಡಿಯಿಂದ ಹಳದಿ ಬೈರಾಸೊಂದನ್ನು ನಾನೇ ಆರಿಸಿ ತಂದೆ, ಮೂಲೆಯಲ್ಲಿ ಬಾತುಕೋಳಿಯ ಚಿತ್ರವಿದ್ದದ್ದು. ನಮ್ಮ ಕೋಣೆಯ ಗೋಡೆಗೆ ಮಗಳ ಎತ್ತರಕ್ಕೆ ಮೊಳೆ ಹೊಡೆದೆ. ಇದು ನಿನ್ನೊಬ್ಬಳದೇ, ಯಾರಿಗೂ ಕೊಡಬಾರದು, ನಿನ್ನ ಜಾಗದಲ್ಲಿ ನೇತುಹಾಕು ಎಂದೆ.

ಮಗಳು ಅದನ್ನು ಎದೆಗೆ ಅವುಚಿಕೊಂಡು, ಕುಂಟುತ್ತಾ ಹೋಗಿ, ದೊಡ್ಡಮ್ಮನ ಕೋಣೆಯ ಕಿಟಕಿಗೆ ಹಾಕಿ ಬಂದಳು.