ನೆಲ್ಡಾ ತನ್ನ ಮೊದಲ ರೈಫಲ್ ಕೊಂಡದ್ದು

ನೆಲ್ಡಾ ಪ್ರೂಯಿಟ್‌ಗೆ ಐವತ್ತೆಂಟು ವರ್ಷ. ಟೆಕ್ಸಸ್ಸಿನ ಮರಳುಮಣ್ಣಿನಲ್ಲಿ ಅರವತ್ತು ಎಕರೆ ಕಡಲೆಕಾಯಿಯನ್ನು ಒಬ್ಬಳೇ ಬಿತ್ತಿ ಒಬ್ಬಳೇ ಕೀಳುತ್ತಾಳೆ. ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಜೋಡಿಸಬಲ್ಲಳು, ಅಡ್ಡ ಸಿಕ್ಕಿಕೊಂಡ ಕರುವನ್ನು ಕೈಹಾಕಿ ಎಳೆಯಬಲ್ಲಳು. ಇಷ್ಟೆಲ್ಲ ಬಲ್ಲ ಹೆಂಗಸು ಒಂದು ರೈಫಲ್ ಯಾವಾಗ ಕೊಳ್ಳಲಿ ಅಂತ ಮೂರು ವರ್ಷ ಅಣ್ಣನ ಮುಖ ನೋಡುತ್ತ ಕೂತಳಲ್ಲ, ಅದನ್ನು ಹೇಳುವವರಿಗೇ ಮೈ ಉರಿಯುತ್ತದೆ.

ಕೇಳಿದ್ದಕ್ಕೂ ಕಾರಣವಿತ್ತು. ಆ ಮನೆತನದಲ್ಲಿ ಮೊದಲ ಬಂದೂಕು ಅಂಗಡಿಯಿಂದ ಬರುವುದಲ್ಲ, ಹಿರಿಯರ ಕೈಯಿಂದ ಬರುವುದು. ಗಂಡುಮಕ್ಕಳಿಗೆ ಹನ್ನೆರಡು ತುಂಬಿದ ದಿನ ಅಪ್ಪ ತಲಾ ಒಂದು ರೈಫಲ್ ಕೊಟ್ಟಿದ್ದ. ನೆಲ್ಡಾಗೆ ಹನ್ನೆರಡು ತುಂಬಿದಾಗ ಹೊಲಿಗೆ ಯಂತ್ರ ಬಂತು. ಮದುವೆಯಾದ ಮೇಲೆ ಗಂಡನ ರೈಫಲ್ ಮನೆಯಲ್ಲಿತ್ತು. ಗಂಡ ಸತ್ತ ಮೇಲೂ ಅದು ಗಂಡನದೇ ಆಗಿ ಉಳಿಯಿತು. ಅಪ್ಪ ಹೋದಮೇಲೆ ಹಿರಿತನ ಅಣ್ಣ ರಾಯ್ಸ್‌ಗೆ ಬಂತು. ಅವನನ್ನು ದಾಟಿ ತಾನೇ ಹೋಗಿ ಕೊಂಡರೆ ಅಣ್ಣನ ಮುಖಕ್ಕೆ ಹೊಡೆದಂತೆ ಅಂತ ಈ ಪೆದ್ದಿ ತಿಳಿದಿದ್ದಳು.

ತೊಂದರೆ ಕಾಡುಹಂದಿಗಳದು. ಇವಳು ಬೀಜ ಬಿತ್ತಿ ಬಂದರೆ ಬೆಳಗಾಗುವಷ್ಟರಲ್ಲಿ ಮೂವತ್ತು ಹಂದಿಗಳು ಸಾಲಿಗೆ ಸಾಲು ಮೂತಿ ಊರಿ ಒಂದೊಂದೇ ಬೀಜ ಹೆಕ್ಕಿ ತಿಂದಿರುತ್ತಿದ್ದವು. ಗಂಡನ ಹಳೇ ರೈಫಲ್ಲಿಗೆ ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ಒಂದು ಹಂದಿ ಬೀಳುತ್ತದೆ, ಅವಳು ಬೋಲ್ಟ್ ಎಳೆಯುವಷ್ಟರಲ್ಲಿ ಉಳಿದವು ಹಳ್ಳದ ಪೊದೆ ಸೇರಿ ಇನ್ನಷ್ಟು ಬುದ್ಧಿ ಕಲಿಯುತ್ತವೆ. ಬೇಕಾದದ್ದು ಸೆಮಿ ಆಟೊಮ್ಯಾಟಿಕ್: ಟ್ರಿಗರ್ ಒತ್ತಿದಷ್ಟು ಸಲ ಗುಂಡು, ನಡುವೆ ಬೋಲ್ಟ್ ಎಳೆದಾಟವಿಲ್ಲ. ಅದೂ ಬಿತ್ತನೆಗೆ ಮೊದಲೇ ಬೇಕು.

ರಾಯ್ಸ್‌ನ ಉತ್ತರ ಪ್ರತಿ ಭಾನುವಾರ ಚರ್ಚಿನಿಂದ ಬಂದು ಇವಳು ಬೇಯಿಸಿದ ಮಾಂಸ ಮೆಲ್ಲುತ್ತ ಬರುತ್ತಿತ್ತು.

"ಈಗ ಬ್ಯಾಡ ತಂಗೀ. ಎಲೆಕ್ಷನ್ ಟೈಮು. ಗೆದ್ದೋರು ಬಂದೂಕು ಬಂದ್ ಮಾಡ್ತಾರೆ ಅಂತ ಜನ ಹೆದರ್ಕೊಂಡು ಮುಗಿಬಿದ್ದವ್ರೆ, ರೇಟು ಆಕಾಶದಲ್ಲಿ ಅದೆ. ಮುಗೀಲಿ ತಡಿ."

ಎಲೆಕ್ಷನ್ ಮುಗಿಯಿತು. "ಹೊಸ ಮಾಡೆಲ್ ಬರ್ತದಂತೆ, ತಡಿ." ಹೊಸ ಮಾಡೆಲ್ ಬಂತು. "ಮೊದಲನೇ ಸಲದ್ದು ಯಾರಾದ್ರೂ ತಗೋತಾರಾ? ತಡಿ." ಹೀಗೆ ತಡಿ ತಡಿ ಅನ್ನುತ್ತಲೇ ಎರಡು ಬಿತ್ತನೆ ಹಂದಿಯ ಹೊಟ್ಟೆ ಸೇರಿತು. ಈ ವರ್ಷ ಊಟ ಮುಗಿಸಿ ಹಲ್ಲಲ್ಲಿ ಕಡ್ಡಿಯಾಡಿಸುತ್ತ ಇನ್ನೊಂದು ಮಾತು ಸೇರಿಸಿದ: "ಈ ಸಲಾನೂ ಹೋದ್ರೆ ಬೇಸಾಯ ಬಿಟ್ಬಿಡು. ಹೊಲನ ಬೇಟೆಯವ್ರಿಗೆ ಗುತ್ತಿಗೆ ಕೊಡಾಣ. ನಾನ್ ನೋಡ್ಕೋತೀನಿ."

ನೆಲ್ಡಾ ತಟ್ಟೆ ಎತ್ತಿದಳು. ಬಿತ್ತನೆಗೆ ಆರು ದಿನ ಉಳಿದಿತ್ತು.

ಮಂಗಳವಾರ ಕೋಳಿ ಮೇವು ತರಲು ಪೇಟೆಗೆ ಹೋದಳು. ಓಡೆಲ್ ಮುದುಕನ ಅಂಗಡಿಯಲ್ಲಿ ಮುಂದೆ ಮೇವು, ಹಿಂದೆ ಬಂದೂಕು. ಅವನು ಚೀಲ ಕಟ್ಟುತ್ತ ಸುಮ್ಮನೆ ಅಂದ: "ಮಿಸ್ ನೆಲ್ಡಾ, ನಿಮ್ಮಣ್ಣಂಗೆ ಹೇಳಿ, ಜೋಳ ಬಂದದೆ. ಹೋದ್ವಾರ ಹದಿನಾಲ್ಕು ಮೂಟೆ ತಗೊಂಡೋದ್ರು. ಶರಬತ್ತಿನ ಪುಡೀನೂ ಒಂದು ಡಬ್ಬ ಬಂದದೆ. ಸ್ಟ್ರಾಬೆರೀದು."

ರಾಯ್ಸ್‌ಗೆ ದನವಿಲ್ಲ. ಕೋಳಿ ಕೂಡ ಇಲ್ಲ. ಮುಸುಕಿನ ಜೋಳಕ್ಕೆ ಆ ಪುಡಿ ಕಲಸಿ ಹುಳಿಬರಿಸಿ ಕಾಡುಹಂದಿ ಸೆಳೆಯಲು ಇಡುತ್ತಾರೆ ಅನ್ನುವುದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಮೇವನ್ನು ಅಲ್ಲೇ ಬಿಟ್ಟು ನೆಲ್ಡಾ ಹಳ್ಳದ ಬದಿಗೆ ಗಾಡಿ ಓಡಿಸಿದಳು. ಪೊದೆ ಹೊಗುವ ಮೊದಲೇ ವಾಸನೆ ಬಡಿಯಿತು. ತನ್ನ ಬೇಲಿಯಿಂದ ಇಪ್ಪತ್ತು ಹೆಜ್ಜೆ ಒಳಗೆ, ತನ್ನದೇ ನೆಲದಲ್ಲಿ, ನೀಲಿ ಡ್ರಮ್ಮೊಂದು ಮರಕ್ಕೆ ಕಟ್ಟಿದ ಉದ್ದ ಹಗ್ಗದ ತುದಿಯಲ್ಲಿ ಬಿದ್ದಿತ್ತು. ಮೈತುಂಬ ತೂತು. ಹಂದಿ ಉರುಳಿಸಿದಾಗೆಲ್ಲ ನಾಲ್ಕು ಕಾಳು ಉದುರಬೇಕು, ಅಂಥ ಏರ್ಪಾಡು. ಸುತ್ತ ನೆಲವೆಲ್ಲ ಗೊರಸು. ಮರದ ಮೇಲೆ ಬೇಟೆಗೆ ಕೂರುವ ಅಟ್ಟಣೆ, ಅದರ ಕೆಳಗೆ ಪಟ್ಟಣದವರು ಕುಡಿದೆಸೆದ ಬಿಯರ್ ಡಬ್ಬಗಳು. ಒಂದು ಡಬ್ಬದ ಪಕ್ಕ ರಾಯ್ಸ್‌ನ ಹೆಸರು, ಫೋನ್ ನಂಬರ್ ಅಚ್ಚಾದ ಚೀಟಿ: ಹಂದಿ ಬೇಟೆ, ಖಾತ್ರಿ.

ಖಾತ್ರಿಯಂತೆ! ತಂಗಿಯ ಬೀಜ ತಿನ್ನಿಸಿ ಹಂದಿ ಸಾಕಿದ್ದಾನೆ, ಅದನ್ನು ಪಟ್ಟಣದವರಿಗೆ ಮಾರಿದ್ದಾನೆ, ಭಾನುವಾರ ಬಂದು ಅವಳದೇ ಅನ್ನ ತಿಂದು ತಡಿ ಅಂದಿದ್ದಾನೆ. ನೆಲ್ಡಾಗೆ ಅಳು ಬರಲಿಲ್ಲ. ಅವನ ಮೇಲೆ ಎಷ್ಟು ಸಿಟ್ಟೋ ಅಷ್ಟೇ ಸಿಟ್ಟು ಅವನನ್ನು ಕೇಳಿದ ತನ್ನ ಮೇಲೂ ಬಂತು.

ಅದೇ ಮಧ್ಯಾಹ್ನ ಓಡೆಲ್‌ನ ಅಂಗಡಿಯ ಹಿಂಬದಿಯ ಗಲ್ಲೆಯ ಮುಂದೆ ನಿಂತಳು.

"ಮೇವು ಮರೆತೋದ್ರಿ," ಅಂದ ಮುದುಕ.

"ಮೇವು ಹಾಗಿರ್ಲಿ. ಆ ಸೆಮಿ ಆಟೊಮ್ಯಾಟಿಕ್ ಇಳಿಸು."

"ರಾಯ್ಸ್ ಇನ್ನೂ ತಡೀಬೇಕು ಅಂದಿದ್ರಲ್ಲ..."

"ಅಂಗಡಿ ನಿಂದೋ ರಾಯ್ಸಂದೋ?"

ಓಡೆಲ್ ಇಳಿಸಿದ. ಭುಜಕ್ಕಿಟ್ಟು ನೋಡಿದಳು, ಹಿಡಿಕೆ ತುಸು ಗಿಡ್ಡ ಮಾಡಿಸಿಕೊಂಡಳು. ಸರ್ಕಾರದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಇದನ್ನು ಕೊಳ್ಳುತ್ತಿರುವುದು ನಿಮಗಾಗಿಯೇ? ಹೌದು ಅನ್ನುವ ಚೌಕದಲ್ಲಿ ಅವಳು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಮುದುಕ ಇನ್ನೊಂದು ಅರ್ಜಿ ಕೊಟ್ಟ, ಆಮೇಲೆ ಸರ್ಕಾರದ ಕಚೇರಿಗೆ ಫೋನು ಮಾಡಿ ಒಪ್ಪಿಗೆ ಪಡೆದ.

ಹೊಲದ ಗೇಟಿನ ಸರಪಳಿಯಲ್ಲಿ ಮೂರು ಬೀಗಗಳು ಒಂದಕ್ಕೊಂದು ಕೊಂಡಿಯಾಗಿದ್ದವು: ಅವಳದು, ಕರೆಂಟಿನವರದು, ರಾಯ್ಸ್‌ನದು. ಯಾರು ಯಾವುದನ್ನು ತೆಗೆದರೂ ಗೇಟು ತೆರೆಯುತ್ತದೆ. ರಾಯ್ಸ್‌ನ ಬೀಗವನ್ನು ಕತ್ತರಿಸಿ ತೆಗೆದು, ಉಳಿದೆರಡನ್ನು ಸೇರಿಸಿ ಹಾಕಿದಳು.

ಶನಿವಾರ ರಾಯ್ಸ್ ಬಂದ. ಹಿಂದೆ ಹೊಚ್ಚಹೊಸ ಗಾಡಿಯಲ್ಲಿ ಪಟ್ಟಣದ ಇಬ್ಬರು. ಗೇಟಿನ ಹೊರಗೆ ನೀಲಿ ಡ್ರಮ್ಮು, ಅದರ ಮೇಲೆ ತುಂಡಾದ ಬೀಗ. ಒಳಗೆ ನೆಲ್ಡಾ ಬಿತ್ತುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಟ್ರ್ಯಾಕ್ಟರಿನ ಸೀಟಿನ ಹಿಂದೆ ಹೊಸ ರೈಫಲ್.

"ಏನೇ ಇದು, ತಂಗೀ?"

"ನಿನ್ ಡ್ರಮ್ಮು. ತಗೊಂಡೋಗು, ನಾರ್ತದೆ."

ಅವನು ಪಟ್ಟಣದವರ ಕಡೆ ನೋಡಿ ಹಲ್ಲು ಗಿಂಜಿದ. ಆಮೇಲೆ ರೈಫಲ್ ಕಂಡಿತು. "ಯಾವಾಗ್ ತಗೊಂಡೆ? ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಅಪ್ಪ ಇದ್ದಿದ್ರೆ..."

"ಅಪ್ಪ ಇದ್ದಿದ್ರೆ," ಅಂದಳು ನೆಲ್ಡಾ, "ನಿಂಗೆ ಕೊಟ್ಟಿದ್ದನ್ನ ಇವತ್ತು ವಾಪಸ್ ಇಸ್ಕೋತಿದ್ದ."

ಪಟ್ಟಣದವರಲ್ಲಿ ಒಬ್ಬ ಆಗಲೇ ಗಾಡಿ ಹಿಂದಕ್ಕೆ ತಿರುಗಿಸುತ್ತಿದ್ದ. ರಾಯ್ಸ್ ಗೇಟು ಹಿಡಿದು ನಿಂತೇ ಇದ್ದ. ನೆಲ್ಡಾ ಬೀಜದ ಚೀಲದ ಬಾಯಿ ಬಿಚ್ಚಿ, ಯಂತ್ರಕ್ಕೆ ಸುರಿಯತೊಡಗಿದಳು.